ರೂಪಣಾತ್ಮಕ ಮೌಲ್ಯಮಾಪನ ಆಧಾರಿತ ಘಟಕ ಯೋಜನೆ

ರೂಪಣಾತ್ಮಕ ಮೌಲ್ಯಮಾಪನ ಆಧಾರಿತ ಘಟಕ ಯೋಜನೆ ಎಂಬುದು ಒಂದೇ ವಿಷಯವನ್ನು ಅಥವಾ ಒಂದೇ ತರಗತಿಯನ್ನು ಬೋಧಿಸುವ ಶಿಕ್ಷಕರು ತಂಡವಾಗಿ ಪಠ್ಯಘಟಕವೊಂದನ್ನು ಯೋಜಿಸುವ ಕಾರ್ಯವಿಧಾನ. ಬೋಧನೆ ನಡೆಯುತ್ತಿರುವಾಗಲೇ ವಿದ್ಯಾರ್ಥಿಗಳ ಕಲಿಕೆಯ ಬಗ್ಗೆ ದೊರೆಯುವ ಪುರಾವೆಗಳನ್ನು ಆಧರಿಸಿ ಯೋಜನೆಯನ್ನು ಬದಲಾಯಿಸಿಕೊಳ್ಳುವುದು ಇದರ ಮುಖ್ಯ ಲಕ್ಷಣ. ಘಟಕ ಅಥವಾ ಅವಧಿ ಮುಗಿದ ಮೇಲೆ ಸಾಧನೆಯನ್ನು ಅಳೆಯುವ ಮೌಲ್ಯಮಾಪನವನ್ನು ಸಂಕಲನಾತ್ಮಕ ಎನ್ನುತ್ತಾರೆ. ಇವೆರಡರ ವ್ಯತ್ಯಾಸ ಪ್ರಶ್ನೆಪತ್ರಿಕೆಯ ಸ್ವರೂಪದಲ್ಲಿಲ್ಲ, ಫಲಿತಾಂಶದ ಬಳಕೆಯಲ್ಲಿದೆ. ಕಿರುಪರೀಕ್ಷೆಯೊಂದರ ಅಂಕಗಳನ್ನು ವಹಿಯಲ್ಲಿ ದಾಖಲಿಸಿ ಮರುದಿನ ಮುಂದಿನ ಪಾಠಕ್ಕೆ ಹೋದರೆ ಅದು ರೂಪಣಾತ್ಮಕವಾಗುವುದಿಲ್ಲ. ಅದೇ ಉತ್ತರಗಳನ್ನು ಓದಿ ಮರುದಿನದ ಪಾಠವನ್ನು ಬದಲಾಯಿಸಿದರೆ ಆಗುತ್ತದೆ.

ಹಿನ್ನೆಲೆ

ರೂಪಣಾತ್ಮಕ ಮತ್ತು ಸಂಕಲನಾತ್ಮಕ ಎಂಬ ವಿಂಗಡಣೆಯನ್ನು 1967ರಲ್ಲಿ ಮೈಕೇಲ್ ಸ್ಕ್ರಿವೆನ್ ಪಠ್ಯಕ್ರಮಗಳ ಮೌಲ್ಯಮಾಪನದ ಸಂದರ್ಭದಲ್ಲಿ ಮಾಡಿದರು. ಆಗ ಪರೀಕ್ಷೆಗೆ ಒಳಗಾಗುತ್ತಿದ್ದುದು ವಿದ್ಯಾರ್ಥಿಯಲ್ಲ, ಪಠ್ಯಕ್ರಮ. ಬೆಂಜಮಿನ್ ಬ್ಲೂಮ್ ಮತ್ತು ಅವರ ಸಹವರ್ತಿಗಳು ಈ ಪರಿಕಲ್ಪನೆಯನ್ನು ವಿದ್ಯಾರ್ಥಿಗಳ ಕಲಿಕೆಗೆ ಅನ್ವಯಿಸಿದರು. 1998ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ಅವರು ಸುಮಾರು 250 ಪ್ರಕಟಣೆಗಳನ್ನು ಪರಾಮರ್ಶಿಸಿ, ತರಗತಿಯೊಳಗಿನ ಇಂತಹ ಮೌಲ್ಯಮಾಪನ ಕಲಿಕೆಯನ್ನು ಗಣನೀಯವಾಗಿ ಹೆಚ್ಚಿಸುತ್ತದೆ ಎಂದು ವಾದಿಸಿದ ನಂತರ ಈ ವಿಷಯ ಅನೇಕ ದೇಶಗಳ ಶಿಕ್ಷಣ ನೀತಿಗಳಲ್ಲಿ ಸ್ಥಾನ ಪಡೆಯಿತು.

ಘಟಕ ಯೋಜನೆಯ ಕಡೆಯಿಂದ ಪ್ರಭಾವ ಬೀರಿದವರು ಅಮೆರಿಕದ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ. 1998ರಲ್ಲಿಯೇ ಪ್ರಕಟವಾದ ಅವರ ಕೃತಿ ಯೋಜನೆಯ ವಾಡಿಕೆಯ ಕ್ರಮವನ್ನು ತಿರುಗಿಸಿತು. ಮೊದಲು ವಿದ್ಯಾರ್ಥಿ ಏನನ್ನು ಅರ್ಥಮಾಡಿಕೊಳ್ಳಬೇಕು ಎಂಬುದು, ನಂತರ ಆ ಅರ್ಥಗ್ರಹಿಕೆಗೆ ಪುರಾವೆ ಯಾವುದು ಎಂಬುದು, ಕೊನೆಯಲ್ಲಿ ಕಲಿಕಾ ಚಟುವಟಿಕೆಗಳು. ಶಿಕ್ಷಕರು ತಂಡವಾಗಿ ಪಾಠವನ್ನು ಯೋಜಿಸಿ, ಒಬ್ಬರು ಬೋಧಿಸುವಾಗ ಉಳಿದವರು ಮಕ್ಕಳನ್ನು ಗಮನಿಸುವ ಪದ್ಧತಿ ಜಪಾನಿನಲ್ಲಿ ಇದಕ್ಕಿಂತ ಬಹಳ ಹಳೆಯದು. ಅಲ್ಲಿ ಅದನ್ನು ‘ಜುಗ್ಯೊ ಕೆಂಕ್ಯೂ’, ಅಂದರೆ ಪಾಠ ಅಧ್ಯಯನ, ಎಂದು ಕರೆಯುತ್ತಾರೆ.

ಕಾರ್ಯವಿಧಾನ

ತಂಡವು ಘಟಕದ ಆರಂಭಕ್ಕೆ ಮುನ್ನ ಸೇರಿ, ಘಟಕದ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಮೊದಲು ಬರೆದುಕೊಳ್ಳುತ್ತದೆ. ಅವುಗಳಿಗೆ ಒಪ್ಪಬಹುದಾದ ಉತ್ತರ ಹೇಗಿರಬೇಕು ಎಂಬ ಚರ್ಚೆಯೇ ಈ ಸಭೆಯ ಬಹುಪಾಲು ಸಮಯವನ್ನು ತೆಗೆದುಕೊಳ್ಳುತ್ತದೆ. ಒಂದೇ ಪಠ್ಯಪುಸ್ತಕವನ್ನು ಬೋಧಿಸುವ ಇಬ್ಬರು ಶಿಕ್ಷಕರು ಒಂದೇ ಉತ್ತರದ ಬಗ್ಗೆ ಭಿನ್ನಾಭಿಪ್ರಾಯ ಹೊಂದಿರುವುದು ಅಪರೂಪವೇನಲ್ಲ. ಬಳಿಕ ಪೂರ್ವಜ್ಞಾನವನ್ನು ತಿಳಿಯುವ ನೈದಾನಿಕ ಪರೀಕ್ಷೆ ಮತ್ತು ಘಟಕದ ನಡುವಿನ ತಪಾಸಣೆಗಳನ್ನು ನಿಗದಿಪಡಿಸಲಾಗುತ್ತದೆ. ತರಗತಿಯ ಕೊನೆಯ ಐದು ನಿಮಿಷಗಳಲ್ಲಿ ಮಕ್ಕಳು ಬರೆದುಕೊಡುವ ಚೀಟಿ, ಎಲ್ಲರೂ ಒಮ್ಮೆಗೇ ಸ್ಲೇಟನ್ನು ಎತ್ತಿ ತೋರಿಸುವ ಉತ್ತರ, ಮೌಖಿಕ ಪ್ರಶ್ನೆ, ನೋಟ್‌ಬುಕ್‌ ಪರಿಶೀಲನೆ ಇವು ಸಾಮಾನ್ಯ ಸಾಧನಗಳು.

ಯೋಜನೆಯಲ್ಲಿ ಕೆಲವು ತರಗತಿಗಳನ್ನು ಉದ್ದೇಶಪೂರ್ವಕವಾಗಿ ಖಾಲಿ ಬಿಡುವುದು ಈ ವಿಧಾನದ ಅತ್ಯಂತ ಮಹತ್ವದ ಅಂಶ. ಹನ್ನೆರಡು ತರಗತಿಗಳ ಘಟಕದಲ್ಲಿ ಹನ್ನೆರಡೂ ಮೊದಲೇ ಭರ್ತಿಯಾಗಿದ್ದರೆ, ತಪಾಸಣೆಯಿಂದ ಏನೇ ತಿಳಿದುಬಂದರೂ ಅದಕ್ಕೆ ಸ್ಪಂದಿಸಲು ಸಮಯವಿರುವುದಿಲ್ಲ.

ಉದಾಹರಣೆ: ಭಿನ್ನರಾಶಿ

ಐದನೆಯ ತರಗತಿಗೆ ಭಿನ್ನರಾಶಿಗಳ ಹೋಲಿಕೆಯನ್ನು ಬೋಧಿಸುವ ಮೂವರು ಶಿಕ್ಷಕರ ತಂಡವೊಂದನ್ನು ಊಹಿಸಿಕೊಳ್ಳಬಹುದು. ನಾಲ್ಕನೆಯ ದಿನದ ಚೀಟಿಯಲ್ಲಿ ಅವರು ಕೇಳುವ ಪ್ರಶ್ನೆ: 1/4 ಮತ್ತು 1/6 ಇವುಗಳಲ್ಲಿ ಯಾವುದು ದೊಡ್ಡದು? ಚಿತ್ರ ಬರೆದು ಕಾರಣ ತಿಳಿಸಿ.

ಅಂಕ ನೀಡುವುದಾದರೆ ಚೀಟಿಗಳು ಸರಿ ಮತ್ತು ತಪ್ಪು ಎಂದು ಎರಡಾಗುತ್ತವೆ. ತಂಡವು ಕಾರಣವನ್ನು ಓದಿ ವಿಂಗಡಿಸಿದಾಗ ನಾಲ್ಕು ಗುಂಪುಗಳು ಕಾಣಿಸಿಕೊಳ್ಳುತ್ತವೆ. ಒಂದು ರೊಟ್ಟಿಯನ್ನು ಹೆಚ್ಚು ಜನರಿಗೆ ಹಂಚಿದಷ್ಟೂ ಪ್ರತಿ ಪಾಲು ಚಿಕ್ಕದಾಗುತ್ತದೆ ಎಂದು ವಿವರಿಸಿದವರು ಮೊದಲನೆಯವರು. ಆರು ನಾಲ್ಕಕ್ಕಿಂತ ದೊಡ್ಡದಾದ್ದರಿಂದ 1/6 ದೊಡ್ಡದು ಎಂದವರು ಪೂರ್ಣಸಂಖ್ಯೆಯ ನಿಯಮವನ್ನು ಭಿನ್ನರಾಶಿಗೆ ಹಚ್ಚಿದ್ದಾರೆ. ಈ ತಪ್ಪು ಜಗತ್ತಿನ ಎಲ್ಲೆಡೆಯ ಮಕ್ಕಳಲ್ಲಿ ಕಂಡುಬರುತ್ತದೆ. ಮೂರನೆಯ ಗುಂಪು ಎರಡು ಬೇರೆ ಬೇರೆ ಗಾತ್ರದ ವೃತ್ತಗಳನ್ನು ಬರೆದು ಹೋಲಿಸಿದೆ, ಅಂದರೆ ‘ಪೂರ್ಣ’ ಎಂಬುದು ಎರಡಕ್ಕೂ ಒಂದೇ ಆಗಿರಬೇಕೆಂಬುದು ಅವರಿಗೆ ತಿಳಿದಿಲ್ಲ. ನಾಲ್ಕನೆಯ ಗುಂಪು ಹೆಚ್ಚು ಕುತೂಹಲಕರ. ಛೇದ ಚಿಕ್ಕದಾಗಿದ್ದರೆ ಭಿನ್ನರಾಶಿ ದೊಡ್ಡದು ಎಂದು ಬರೆದ ಈ ಮಕ್ಕಳ ಉತ್ತರ ಸರಿಯಾಗಿದೆ, ಪೂರ್ಣ ಅಂಕವೂ ಸಿಗುತ್ತದೆ. ಆದರೆ ಇದೇ ನಿಯಮದಂತೆ 2/3 ಎಂಬುದು 3/4ಕ್ಕಿಂತ ದೊಡ್ಡದೆಂದು ಅವರು ಹೇಳುವ ಸಾಧ್ಯತೆಯಿದೆ, ಅದು ತಪ್ಪು. ಅಂಕಪಟ್ಟಿಯಲ್ಲಿ ಮೊದಲ ಮತ್ತು ನಾಲ್ಕನೆಯ ಗುಂಪುಗಳ ನಡುವೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಸಂಜೆಯ ಸಭೆಯಲ್ಲಿ ಮೂರೂ ವಿಭಾಗಗಳ ಚೀಟಿಗಳನ್ನು ಒಟ್ಟಿಗೆ ಹರಡಿದಾಗ, ಒಂದು ವಿಭಾಗದಲ್ಲಿ ಮೂರನೆಯ ಬಗೆಯ ತಪ್ಪು ಬಹುತೇಕ ಇಲ್ಲದಿರುವುದು ಗಮನಕ್ಕೆ ಬರಬಹುದು. ಆ ವಿಭಾಗದ ಶಿಕ್ಷಕಿ ವೃತ್ತಗಳ ಬದಲು ಸಮಾನ ಉದ್ದದ ಕಾಗದದ ಪಟ್ಟಿಗಳನ್ನು ಮಡಚಿಸಿದ್ದರು ಎಂಬುದು ಕಾರಣವಾಗಿರಬಹುದು. ಒಬ್ಬರೇ ಯೋಜಿಸಿದ್ದರೆ ಇಂತಹ ಹೋಲಿಕೆಗೆ ಅವಕಾಶವಿರುತ್ತಿರಲಿಲ್ಲ. ತಂಡವು ಖಾಲಿ ಬಿಟ್ಟಿದ್ದ ಐದನೆಯ ತರಗತಿಯನ್ನು ಕಾಗದದ ಪಟ್ಟಿಗಳಿಗೆ ಮೀಸಲಿಟ್ಟು, 2/3 ಮತ್ತು 3/4ರ ಹೋಲಿಕೆಯನ್ನು ಮುಂದಿನ ಚೀಟಿಯ ಪ್ರಶ್ನೆಯಾಗಿಸುತ್ತದೆ. ಸಂಕಲನದ ಹಂತಕ್ಕೆ ಬಂದಾಗ 1/2 + 1/3 = 2/5 ಎಂದು ಬರೆದ ವಿದ್ಯಾರ್ಥಿಗೆ ತಪ್ಪು ಗುರುತು ಹಾಕುವ ಬದಲು, 2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಬಹುದು. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದಾಗ ಅರ್ಧಕ್ಕಿಂತ ಕಡಿಮೆಯಾಗದು ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ.

ಹಿಮ್ಮಾಹಿತಿ ಮತ್ತು ಅಂಕಗಳು

ವಿದ್ಯಾರ್ಥಿಗೆ ಹಿಂದಿರುಗಿಸುವ ಚೀಟಿಯಲ್ಲಿ ಏನಿರಬೇಕು ಎಂಬುದೂ ಯೋಜನೆಯ ಭಾಗ. 1988ರಲ್ಲಿ ಪ್ರಕಟವಾದ ರೂತ್ ಬಟ್ಲರ್ ಅವರ ಪ್ರಯೋಗದಲ್ಲಿ ಕೇವಲ ಬರಹದ ಟಿಪ್ಪಣಿ ಪಡೆದ ವಿದ್ಯಾರ್ಥಿಗಳ ಸಾಧನೆ ಮತ್ತು ಆಸಕ್ತಿ ಹೆಚ್ಚಿತು. ಕೇವಲ ಅಂಕ ಪಡೆದವರಲ್ಲಿ ಹಾಗಾಗಲಿಲ್ಲ. ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರಲ್ಲಿಯೂ ಆಗಲಿಲ್ಲ. ಈ ಕಾರಣದಿಂದ ಹಲವು ತಂಡಗಳು ಘಟಕದ ನಡುವಿನ ಚೀಟಿಗಳಿಗೆ ಅಂಕ ಹಾಕುವುದಿಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವು ಮಗುವಿನ ತಿಳಿವಳಿಕೆ ಮತ್ತು ಅದನ್ನು ಅನ್ವಯಿಸುವ ಸಾಮರ್ಥ್ಯದ ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನವನ್ನು ವಿಧಿಸುತ್ತದೆ. ಕರ್ನಾಟಕದ ಶಾಲೆಗಳಲ್ಲಿ ರೂಪಣಾತ್ಮಕ ಮತ್ತು ಸಂಕಲನಾತ್ಮಕ ಎಂಬ ಪದಗಳು ಬಳಕೆಗೆ ಬಂದದ್ದು ಮುಖ್ಯವಾಗಿ ಈ ಮೂಲಕ. ಆಚರಣೆಯಲ್ಲಿ ರೂಪಣಾತ್ಮಕ ಮೌಲ್ಯಮಾಪನ ನಿಗದಿತ ದಿನಾಂಕಗಳಲ್ಲಿ ನಡೆಯುವ, ಅಂಕಗಳನ್ನು ದಾಖಲಿಸಬೇಕಾದ ಕಿರುಪರೀಕ್ಷೆಯಾಗಿ ಬದಲಾಗಿರುವುದುಂಟು. ಅಂಕಗಳು ಅಂತಿಮ ಫಲಿತಾಂಶಕ್ಕೆ ಸೇರುವಾಗ, ಮಗು ತನಗೆ ತಿಳಿಯದ್ದನ್ನು ಮುಚ್ಚಿಡುವುದೇ ಲಾಭದಾಯಕ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2009ರಲ್ಲಿ ಆರಂಭಿಸಿದ ಇದೇ ಹೆಸರಿನ ವ್ಯವಸ್ಥೆಯನ್ನು 2017ರಲ್ಲಿ ಕೈಬಿಟ್ಟಿತು.

ರಾಜ್ಯದ ಸಣ್ಣ ಸರ್ಕಾರಿ ಶಾಲೆಗಳಲ್ಲಿ ಗಣಿತ ಬೋಧಿಸುವವರು ಒಬ್ಬರೇ ಇರುವುದರಿಂದ ಶಾಲೆಯೊಳಗೆ ವಿಷಯವಾರು ತಂಡ ರಚಿಸಲು ಆಗುವುದಿಲ್ಲ. ಅಂತಹ ಕಡೆ ಸಮೂಹ ಸಂಪನ್ಮೂಲ ಕೇಂದ್ರದ ಸಭೆಗಳೇ ಸುತ್ತಲಿನ ಶಾಲೆಗಳ ಶಿಕ್ಷಕರು ಒಟ್ಟಿಗೆ ಕೂರುವ ಸ್ಥಳ. ಆ ಸಭೆಗಳು ಮಾಹಿತಿ ಸಂಗ್ರಹಕ್ಕೆ ಸೀಮಿತವಾದರೆ ಚೀಟಿಗಳನ್ನು ಓದಲು ಸಮಯ ಉಳಿಯುವುದಿಲ್ಲ.

ಶಿಕ್ಷಕರ ಗುಂಪೊಂದು ನಿರಂತರ ಮೌಲ್ಯಮಾಪನವನ್ನು ಬೋಧನೆಯೊಳಗೇ ಹೆಣೆದ ಗಮನಾರ್ಹ ನಿದರ್ಶನ ನಲಿ-ಕಲಿ. 1995ರಲ್ಲಿ ಆಗಿನ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು ಇದು ಆರಂಭವಾಯಿತು. ಇಲ್ಲಿ ಪಠ್ಯವನ್ನು ಕಲಿಕಾ ಏಣಿಯ ಮೆಟ್ಟಿಲುಗಳಾಗಿ ವಿಂಗಡಿಸಿ, ಪ್ರತಿ ಹಂತಕ್ಕೂ ಕಾರ್ಡುಗಳನ್ನು ರೂಪಿಸಲಾಗಿದೆ. ಮೌಲ್ಯಮಾಪನದ ಕಾರ್ಡೂ ಏಣಿಯಲ್ಲಿಯೇ ಇರುತ್ತದೆ, ಮತ್ತು ಅದರ ಫಲಿತಾಂಶದಂತೆ ಮಗು ಮುಂದುವರಿಯುತ್ತದೆ ಅಥವಾ ಪೂರಕ ಅಭ್ಯಾಸಕ್ಕೆ ಹೋಗುತ್ತದೆ.

ಟೀಕೆಗಳು

ಬ್ಲ್ಯಾಕ್ ಮತ್ತು ವಿಲಿಯಂ ಅವರ ಪರಾಮರ್ಶೆಯಿಂದ ಪ್ರಚಾರಕ್ಕೆ ಬಂದ ಪರಿಣಾಮದ ಅಂಕಿ ಅಂಶಗಳನ್ನು ರ‍್ಯಾಂಡಿ ಬೆನೆಟ್ 2011ರಲ್ಲಿ ಪ್ರಶ್ನಿಸಿದರು. ಪರಸ್ಪರ ಬಹಳ ಭಿನ್ನವಾದ ಅಧ್ಯಯನಗಳನ್ನು ಒಟ್ಟುಗೂಡಿಸಿ ಒಂದು ಸಂಖ್ಯೆಯನ್ನು ಹೇಳುವುದು ಸಾಧ್ಯವಿಲ್ಲ, ಪರಿಕಲ್ಪನೆಯ ವ್ಯಾಖ್ಯೆಯೇ ಸ್ಪಷ್ಟವಾಗಿಲ್ಲ ಎಂಬುದು ಅವರ ಆಕ್ಷೇಪ. ವಿಷಯಜ್ಞಾನ ದುರ್ಬಲವಾಗಿದ್ದರೆ ಶಿಕ್ಷಕರು ಉತ್ತರದ ಹಿಂದಿನ ತರ್ಕವನ್ನು ಗುರುತಿಸಲಾರರು ಎಂದೂ ಅವರು ಸೂಚಿಸಿದರು. ದಾಖಲೆಯ ಹೊರೆ ಇನ್ನೊಂದು ಸಾಮಾನ್ಯ ದೂರು. ತಂಡಗಳು ಸಂಗ್ರಹಿಸಿದ ಚೀಟಿಗಳನ್ನು ಶಿಕ್ಷಕರ ಕಾರ್ಯಕ್ಷಮತೆಯನ್ನು ಅಳೆಯಲು ಬಳಸಿದರೆ, ಮಕ್ಕಳು ತಪ್ಪು ಮಾಡುವ ಸಾಧ್ಯತೆಯಿರುವ ಪ್ರಶ್ನೆಗಳು ಕ್ರಮೇಣ ಚೀಟಿಗಳಿಂದ ಮಾಯವಾಗುವ ಅಪಾಯವಿದೆ.