ಮಿಂಚುದೀಪವೂ ಮಾಳಿಗೆಮನೆಯೂ

ವಿಜಯಪುರ ಸೀಮೆಯವರಿಗೆ ಬೆಳಕಿನ ಬಡತನವೆಂಬುದು ತಿಳಿಯದು. ವರ್ಷದ ಬಹುಭಾಗ ಬಿಸಿಲು ಇಲ್ಲಿ ಕರೆಯದೆ ಬಂದು ಕೂಡುವ ನೆಂಟ. ಇಂಥ ನಾಡಿನಲ್ಲಿ ಛಾಯಾಚಿತ್ರ ತೆಗೆಯುವವನು ಕೃತಕ ಬೆಳಕನ್ನು ಕುರಿತು ಚಿಂತಿಸಬೇಕೆ ಎಂದು ಯಾರಾದರೂ ಕೇಳಬಹುದು. ಚಿಂತಿಸಲೇಬೇಕು. ಬಿಸಿಲು ಹೆಚ್ಚಾದಷ್ಟೂ ಜನ ಅದಕ್ಕೆ ಮರೆಯಾಗಿ ಬದುಕುವುದನ್ನು ಕಲಿಯುತ್ತಾರೆ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ತಗ್ಗು ಬಾಗಿಲು, ಮೇಲೊಂದು ಬೆಳಕಿಂಡಿ: ಟಿಕೋಟಾ, ಬಬಲೇಶ್ವರಗಳ ಸುತ್ತಲಿನ ಹಳೆಯ ಮನೆಗಳ ಕ್ರಮವೇ ಇದು. ಹೊರಗೆ ಕಣ್ಣು ಕುಕ್ಕುವ ಬೆಳಕು; ಒಳಗೆ ತಂಪಾದ ಕತ್ತಲೆ.

ಈಗ ಕಾಲೇಜು ವಿದ್ಯಾರ್ಥಿಗಳ ಕೈಯಲ್ಲೂ ಡಿಜಿಟಲ್ ಕ್ಯಾಮೆರಾ ಕಾಣುತ್ತದೆ. ಹೊಸದಾಗಿ ಕ್ಯಾಮೆರಾ ಕೊಂಡವನು ಮೊದಲು ಹುಡುಕುವುದು ಮನೆಯವರ ಮುಖವನ್ನೇ. ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುವ ಅಜ್ಜಿಯತ್ತ ಅವನು ಕ್ಯಾಮೆರಾ ಹಿಡಿಯುತ್ತಾನೆ. ಕತ್ತಲೆಯನ್ನು ಕಂಡ ಯಂತ್ರವು ತನ್ನೊಳಗಿನ ಪುಟ್ಟ ಫ್ಲ್ಯಾಶನ್ನು, ಎಂದರೆ ಮಿಂಚುದೀಪವನ್ನು, ತಾನೇ ಎತ್ತಿ ಮಿನುಗಿಸುತ್ತದೆ. ಚಿತ್ರದಲ್ಲಿ ಹಣೆ ಬಿಳಿಚಿದೆ, ಕಣ್ಣಾಲಿ ಕೆಂಪಾಗಿದೆ, ಬೆನ್ನ ಹಿಂದಿನ ಗೋಡೆಗೆ ಮಸಿಯಂಥ ನೆರಳು ಅಂಟಿದೆ. ಒಲೆಯ ಕೆಂಬೆಳಕು ಎಲ್ಲಿ ಹೋಯಿತೋ! ಜೀವಮಾನವೆಲ್ಲ ಬೆಂಕಿಯ ಮುಂದೆ ಮಾಗಿದ ಮುಖದ ಗೆರೆಗಳು ಅಳಿಸಿಹೋಗಿವೆ. ಮನೆಯವರು ‘ಚಲೋ ಬಂದೈತಿ’ ಎನ್ನುತ್ತಾರೆ. ಆದರೆ ಅವರು ದಿನವೂ ಕಾಣುವ ಅಜ್ಜಿ ಅದರಲ್ಲಿಲ್ಲ.

ಇದಕ್ಕೆ ಕಾರಣವಿಷ್ಟೆ: ಮುಖದ ಏರಿಳಿತ ನಮಗೆ ತಿಳಿಯುವುದು ನೆರಳುಗಳಿಂದ. ಲೆನ್ಸಿನ ಪಕ್ಕದಿಂದಲೇ ನೇರವಾಗಿ ಹೊರಟ ಬೆಳಕು ಆ ನೆರಳುಗಳನ್ನೆಲ್ಲ ಅಳಿಸಿ, ಮುಖವನ್ನು ಕಾಗದದಂತೆ ಚಪ್ಪಟೆ ಮಾಡುತ್ತದೆ. ಅದೇ ಬೆಳಕು ಕಣ್ಣಿನ ಪಾಪೆಯೊಳಗೆ ನುಗ್ಗಿ, ಒಳಪದರದ ರಕ್ತನಾಳಗಳ ಬಣ್ಣವನ್ನು ಹೊತ್ತು ಮರಳುವುದರಿಂದ ಕಣ್ಣು ಕೆಂಪಾಗುತ್ತದೆ. ಕ್ಯಾಮೆರಾದ ನೆತ್ತಿಯ ಮೇಲೆ ಬೇರೆಯಾಗಿ ಕೂಡಿಸುವ ಹೊರ ಫ್ಲ್ಯಾಶಿಗೆ ಮೂರು ಅನುಕೂಲಗಳುಂಟು: ಅದು ಲೆನ್ಸಿನಿಂದ ಮೇಲೆ ನಿಲ್ಲುತ್ತದೆ, ಅದರ ಬಲ ಹೆಚ್ಚು, ಮತ್ತು ಅದರ ಕತ್ತು ತಿರುಗುತ್ತದೆ. ಈ ಮೂರನೆಯದೇ ಮಹತ್ವದ್ದು.

ಕತ್ತಲೆಯೊಡನೆ ಛಾಯಾಗ್ರಾಹಕನ ಹೋರಾಟ ಹಳೆಯದು. ಈ ನಗರದ ಕಟ್ಟಡಗಳನ್ನು ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್ ಚಿತ್ರಿಸಿದರು. ಆ ಚಿತ್ರಗಳ ದೊಡ್ಡ ಗ್ರಂಥವು ೧೮೬೬ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅದಕ್ಕೆ ಬರೆಹ ಒದಗಿಸಿದರು. ಅಂದಿನ ಛಾಯಾಗ್ರಾಹಕರಿಗೆ ಸೂರ್ಯನೇ ದೀಪ. ಆ ಹೊತ್ತಿಗೆ, ೧೮೬೫ರಲ್ಲಿ, ಪಿಯಾಜ಼ಿ ಸ್ಮಿತ್ ಎಂಬ ಖಗೋಳಜ್ಞರು ಮೆಗ್ನೀಸಿಯಂ ಉರಿಸಿ ಈಜಿಪ್ಟಿನ ಮಹಾ ಪಿರಮಿಡ್ಡಿನ ಒಳಗನ್ನು ಚಿತ್ರಿಸಿದ್ದರು. ೧೮೮೭ರಲ್ಲಿ ಜರ್ಮನಿಯಲ್ಲಿ ಭಗ್ಗನೆ ಹೊತ್ತುವ ಮಿಂಚುಪುಡಿ ಬಂದಿತು. ಹೊಗೆ, ಸದ್ದು, ಬೆಂಕಿಯ ಅಪಾಯಗಳೂ ಅದರೊಡನೆ ಬಂದವು. ಬಳಿಕ ಗಾಜಿನ ಬುರುಡೆ. ೧೯೩೦ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಅವರ ಪ್ರಯೋಗಗಳಿಂದ ಬೆಳೆದ ವಿದ್ಯುತ್ ಮಿಂಚು. ಇಂದು ಪೆನ್ಸೆಲ್ ನಾಲ್ಕರಿಂದ ನಡೆಯುವ ಕೈಯಗಲದ ದೀಪ ಅದೇ ವಂಶದ್ದು.

ಆದರೆ ಈ ದೀಪದ ಕೈ ಎಷ್ಟು ದೂರ ಚಾಚುತ್ತದೆ? ಅದನ್ನು ಅಳೆಯಲು ‘ಗೈಡ್ ನಂಬರ್’ ಎಂಬ ಅಂಕಿಯೊಂದಿದೆ. ಅದನ್ನು ಅಪರ್ಚರಿನ ಸಂಖ್ಯೆಯಿಂದ ಭಾಗಿಸಿದರೆ, ಬೆಳಕು ಸರಿಯಾಗಿ ಮುಟ್ಟುವ ದೂರ ಮೀಟರುಗಳಲ್ಲಿ ದೊರೆಯುತ್ತದೆ. ಐಎಸ್‌ಒ ೧೦೦ರಲ್ಲಿ ಆರಂಭಿಕ ಕ್ಯಾಮೆರಾದ ಒಳದೀಪಕ್ಕೆ ಈ ಅಂಕಿ ೧೨ರಷ್ಟಿದ್ದರೆ, ಎಫ್ ೪ರಲ್ಲಿ ಅದು ಮುಟ್ಟುವುದು ೩ ಮೀಟರು. ೬೦ರ ಬಲದ ಹೊರದೀಪವಾದರೆ ೧೫ ಮೀಟರು. ದೂರ ಎರಡರಷ್ಟಾದರೆ ಬೆಳಕು ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಮದುವೆಯ ಚಿತ್ರಗಳಲ್ಲಿ ಮುಂದಿನ ಸಾಲು ಸುಣ್ಣದಂತೆಯೂ ಹಿಂದಿನ ಸಾಲು ಕತ್ತಲೆಯಲ್ಲಿಯೂ ಇರುವುದು ಈ ನಿಯಮದಿಂದ.

ಈ ಪಾಠಕ್ಕೆ ಗೋಲ್ ಗುಂಬಜ಼ಿನಂಥ ಶಾಲೆ ಇನ್ನೊಂದಿಲ್ಲ. ೧೬೫೬ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಆ ಸಮಾಧಿಯೊಳಗೆ ನಿಂತು ದಿನವೂ ಎಷ್ಟೋ ಮಂದಿ ಗುಮ್ಮಟದತ್ತ ಫ್ಲ್ಯಾಶು ಮಿನುಗಿಸುತ್ತಾರೆ. ಗುಮ್ಮಟದ ನೆತ್ತಿ ನೆಲದಿಂದ ೫೦ ಮೀಟರಿಗೂ ಮೇಲಿದೆ. ಪುಟ್ಟ ದೀಪದ ಬೆಳಕು ಅಲ್ಲಿಗೆ ಏರುವ ಮೊದಲೇ ಸೋತುಹೋಗುತ್ತದೆ. ಮೇಲಿನ ಮೊಗಸಾಲೆಯಲ್ಲಿ ಆಡಿದ ಪಿಸುಮಾತು ೩೭ ಮೀಟರು ಆಚೆಯ ಗೋಡೆಗೆ ಸ್ಪಷ್ಟವಾಗಿ ಕೇಳುತ್ತದೆ. ಏಕೆಂದರೆ ಸದ್ದು ಬಾಗಿದ ಗೋಡೆಯನ್ನು ತಬ್ಬಿಕೊಂಡು ಸಾಗುತ್ತದೆ. ಬಯಲಿನಲ್ಲಿ ಚೆದರುವ ಬೆಳಕಿಗೆ ಆ ಆಸರೆಯಿಲ್ಲ. ಐಎಸ್‌ಒ ಬಹಳ ಏರಿಸಿದರೆ ಬಲವಾದ ದೀಪ ತಲುಪೀತು; ಆದರೆ ಆಗ ಬಾಗಿಲು ಕಿಂಡಿಗಳಿಂದ ಬರುವ ಸಹಜ ಬೆಳಕೇ ಸಾಕಾಗುತ್ತದೆ. ದೀಪವನ್ನು ಆರಿಸುವುದೂ ಅದನ್ನು ಬಳಸುವ ವಿದ್ಯೆಯ ಒಂದು ಭಾಗ.

ಮನೆಯೊಳಗಿನ ಕ್ರಮ ಬೇರೆ. ಪುಸ್ತಕಗಳು ಹೇಳುವುದು, ದೀಪದ ಕತ್ತನ್ನು ಮೇಲಕ್ಕೆ ತಿರುಗಿಸಿ ಬಿಳಿಯ ಸೂರಿಗೆ ಬೆಳಕನ್ನು ಹಾಯಿಸಿರಿ, ಅದು ಅಲ್ಲಿಂದ ಮೃದುವಾಗಿ ಇಳಿಯುತ್ತದೆ, ಎಂದು. ವಿಜಯಪುರದ ಆರ್‌ಸಿಸಿ ಮನೆಗಳಲ್ಲಿ ಇದು ನಿಜ. ಮಾಳಿಗೆಮನೆಯ ಹೊಗೆಹಿಡಿದ ಜಂತಿಗಳಾದರೋ ಬೆಳಕನ್ನು ನುಂಗಿ ಕೂಡುತ್ತವೆ. ಮರಳಿಸುವ ಚೂರಿಗೂ ಕಂದು ಬಣ್ಣ ಬಳಿಯುತ್ತವೆ. ಅಲ್ಲಿ ದೀಪವನ್ನು ಪಕ್ಕದ ಸುಣ್ಣದ ಗೋಡೆಗೆ ತಿರುಗಿಸಬೇಕು. ಗೋಡೆಗೆ ನೀಲಿ ಬಳಿದಿದ್ದರೆ ಮುಖವೂ ನೀಲಿಯಾಗುವುದರಿಂದ, ಒಬ್ಬರು ಬಿಳಿಯ ಧೋತರವೊಂದನ್ನು ಚಾಚಿ ಹಿಡಿದರೆ ಅದೇ ಗೋಡೆಯಾಗುತ್ತದೆ. ಆಗ ಬೆಳಕು ಕಿಟಕಿಯಿಂದ ಬಂದಂತೆ ಒಂದು ಕೆನ್ನೆಯನ್ನು ಬೆಳಗಿ, ಇನ್ನೊಂದರ ಮೇಲೆ ನೆರಳನ್ನು ಉಳಿಸುತ್ತದೆ. ಹೀಗೆ ಸುತ್ತಿ ಬರುವ ಬೆಳಕು ಬಹಳ ಕುಗ್ಗಿರುತ್ತದೆ. ಐಎಸ್‌ಒ ೪೦೦ ಅಥವಾ ೮೦೦ಕ್ಕೆ ಏರಿಸಬೇಕು.

ಟಿಕೋಟಾ ದ್ರಾಕ್ಷಿಯ ಊರು. ಕೊಯ್ಲಿನ ಕಾಲದಲ್ಲಿ ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಗೊಂಚಲುಗಳನ್ನು ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡಿರುತ್ತಾರೆ. ಅಲ್ಲಿ ದುಡಿಯುವ ಹೆಣ್ಣುಮಕ್ಕಳು ನೆರಳಿನಲ್ಲಿ, ಹಿಂದಿನ ಬಯಲು ಉರಿಬಿಸಿಲಿನಲ್ಲಿ. ಬಯಲಿಗೆ ಹೊಂದಿಸಿದರೆ ಮುಖ ಕಪ್ಪಾಗುತ್ತದೆ. ಮುಖಕ್ಕೆ ಹೊಂದಿಸಿದರೆ ಬಯಲು ಬೆಳ್ಳಗೆ ಬೆಂದುಹೋಗುತ್ತದೆ. ಹಗಲಿನಲ್ಲಿ ಮಿಂಚುದೀಪ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೊದಲು ಬಯಲಿಗೆ ತಕ್ಕಂತೆ ಅಳತೆ ಇಟ್ಟು, ಅನಂತರ ಮುಖಕ್ಕೆ ಮಾತ್ರ ಅಲ್ಪ ಮಿಂಚನ್ನು ಕೊಡಬೇಕು. ಆದರೆ ಷಟರಿನ ವೇಗ ೧/೨೦೦ ಸೆಕೆಂಡಿನ ಆಸುಪಾಸನ್ನು ಮೀರಬಾರದು. ಮೀರಿದರೆ, ಮಿಂಚು ಹೊಳೆಯುವ ಕ್ಷಣದಲ್ಲಿ ಷಟರಿನ ಪರದೆ ಪೂರ್ತಿ ತೆರೆದಿರದೆ, ಚಿತ್ರದಲ್ಲಿ ಕಪ್ಪು ಪಟ್ಟೆ ಬೀಳುತ್ತದೆ.

ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಿ ಮೊಹರಮ್ಮಿನ ರಾತ್ರಿ ಇನ್ನೊಂದು ಪರೀಕ್ಷೆ. ಅಲಾಯಿ ಕುಣಿಯ ಬೆಂಕಿ, ಹೆಜ್ಜೆಮೇಳದವರ ಕುಣಿತ, ರಿವಾಯತ್ ಪದದ ಏರುದನಿ. ನೇರ ಮಿಂಚು ಹೊಡೆದರೆ ಬೆಂಕಿಯ ಬಣ್ಣ ಸತ್ತು, ಕುಣಿಯುವವರು ಕತ್ತಲೆಯಲ್ಲಿ ಸಿಕ್ಕಿಬಿದ್ದವರಂತೆ ಕಾಣುತ್ತಾರೆ. ಮಿಂಚು ಇರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು. ಷಟರನ್ನು ೧/೧೫ ಸೆಕೆಂಡಿಗೆ ನಿಧಾನಿಸಿದರೂ ಅದರ ಪಾಲು ಬದಲಾಗದು. ಬದಲಾಗುವುದು ಬೆಂಕಿಯ ಪಾಲು. ಹೀಗೆ ಷಟರಿನಿಂದ ಬೆಂಕಿಯನ್ನೂ, ದೀಪದ ಬಲದಿಂದ ಮುಖವನ್ನೂ ಬೇರೆಬೇರೆಯಾಗಿ ತೂಗಬಹುದು. ದೀಪದ ಬಾಯಿಗೆ ಕಿತ್ತಳೆಬಣ್ಣದ ತೆಳುಹಾಳೆ ಕಟ್ಟಿದರೆ ಎರಡು ಬೆಳಕುಗಳೂ ಒಂದೇ ಬಣ್ಣಕ್ಕೆ ಬರುತ್ತವೆ. ಇದಕ್ಕೂ ಮೊದಲು ಹಿರಿಯರ ಒಪ್ಪಿಗೆ ಪಡೆಯುವುದು ಉಚಿತ. ಭಕ್ತಿಯಲ್ಲಿ ಮೈಮರೆತವರ ಕಣ್ಣಿಗೆ ಮಿಂಚು ಹೊಡೆಯುವ ಹಕ್ಕು ಯಾವ ಕ್ಯಾಮೆರಾಕ್ಕೂ ಇಲ್ಲ.

ಕೊಳ್ಳುವವರಿಗೆ ಎರಡು ಎಚ್ಚರಿಕೆಯ ಮಾತು. ಕೆಲವು ಅಗ್ಗದ ಆರಂಭಿಕ ಕ್ಯಾಮೆರಾಗಳ ಹಾಟ್ ಶೂವಿನಲ್ಲಿ ನಡುವಣ ಸಂಪರ್ಕಬಿಂದುವೇ ಇರುವುದಿಲ್ಲ. ಬೇರೆ ಕಂಪನಿಗಳ ಸಾದಾ ದೀಪಗಳು ಅದರ ಮೇಲೆ ಉರಿಯವು. ಅಂಗಡಿಯಲ್ಲಿಯೇ ಕೂಡಿಸಿ ನೋಡಬೇಕು. ಹಳೆಯ ಸ್ಟುಡಿಯೋಗಳ ಕಪಾಟಿನಿಂದ ಇಳಿಸಿದ ಕೆಲವು ಫ್ಲ್ಯಾಶುಗಳ ಸಂಪರ್ಕದಲ್ಲಿ ೨೦೦ ವೋಲ್ಟಿಗೂ ಮೀರಿದ ಒತ್ತಡವಿರುವುದುಂಟು. ಡಿಜಿಟಲ್ ಕ್ಯಾಮೆರಾ ಅದರಿಂದ ಕೆಟ್ಟುಹೋಗಬಹುದು.

ಮಾಳಿಗೆಮನೆಗಳು ಒಂದೊಂದಾಗಿ ಕಾಂಕ್ರೀಟಿಗೆ ತಾವು ಬಿಟ್ಟುಕೊಡುತ್ತಿವೆ. ಬೆಳಕಿಂಡಿಯ ಕೆಳಗೆ ಕುಳಿತು ಬೀಸಿದವರು, ಪದ ಕಟ್ಟಿದವರು ಮುಪ್ಪಿನಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ಗುರುತಿನ ಚೀಟಿಯ ಮೇಲಿನದನ್ನು ಬಿಟ್ಟರೆ ತಮ್ಮದೆಂಬ ಚಿತ್ರವಿಲ್ಲ. ಅವರನ್ನು ಚಿತ್ರಿಸುವ ಅವಕಾಶ ಇಂದು ದೊಡ್ಡ ಛಾಯಾಗ್ರಾಹಕರಿಗಿಂತ ಹೆಚ್ಚಾಗಿ ಆ ಮನೆಗಳ ಮೊಮ್ಮಕ್ಕಳ ಕೈಯಲ್ಲಿದೆ. ಮುಂದಿನವರು ಆ ಚಿತ್ರಗಳಿಂದಲೇ ಈ ಮನೆಗಳನ್ನು ಅರಿಯುತ್ತಾರೆ. ಅಲ್ಲಿ ಮುಖದ ಕಪ್ಪು ಕಪ್ಪಾಗಿಯೂ, ಒಲೆಯ ಕೆಂಪು ಕೆಂಪಾಗಿಯೂ, ಮೂಲೆಯ ಕತ್ತಲೆ ಕತ್ತಲೆಯಾಗಿಯೂ ಉಳಿಯಬೇಕು. ಗೋಡೆಯತ್ತ ದೀಪದ ಕತ್ತನ್ನು ಒಂದಿಷ್ಟು ತಿರುಗಿಸುವ ತಾಳ್ಮೆ ಅದಕ್ಕೆ ಬೇಕು.