ಮಾಯೆಗೂ ಮಿಗಿಲಾದುದು

ಅದ್ಭುತವನ್ನು ಕಂಡು ಬೆರಗಾಗುವುದು ಮನುಷ್ಯನ ಸಹಜ ಗುಣ. ಹಾರುವ ಕುದುರೆ, ಮಾತನಾಡುವ ಗಿಣಿ, ಏಳು ಸಮುದ್ರಗಳಾಚೆ ಪ್ರಾಣವನ್ನು ಬಚ್ಚಿಟ್ಟ ರಾಕ್ಷಸ - ಇವುಗಳ ಕಥೆಯನ್ನು ಅಜ್ಜಿಯ ಬಾಯಿಂದ ಕೇಳದೆ ಬೆಳೆದವರು ವಿರಳ. ಕಿವಿಯಿಂದ ಕೇಳಿ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುತ್ತಿದ್ದ ಈ ಲೋಕವನ್ನು ಚಲನಚಿತ್ರವು ಕಣ್ಣೆದುರಿಗೆ ತಂದು ನಿಲ್ಲಿಸಿತು. ಅಂದಿನಿಂದ ಎಷ್ಟೋ ರಾಕ್ಷಸರೂ ಮಾಂತ್ರಿಕರೂ ದೇವಕನ್ಯೆಯರೂ ಬೆಳ್ಳಿತೆರೆಯ ಮೇಲೆ ಸುಳಿದುಹೋಗಿದ್ದಾರೆ. ಅವರಲ್ಲಿ ಬಹುಮಂದಿಯನ್ನು ನಾವು ಚಿತ್ರಮಂದಿರದ ಬಾಗಿಲು ದಾಟುವ ಮೊದಲೇ ಮರೆಯುತ್ತೇವೆ. ಕೆಲವರು ಮಾತ್ರ ತಲೆಮಾರುಗಳು ಕಳೆದರೂ ಜನಮನದಲ್ಲಿ ಉಳಿಯುತ್ತಾರೆ. ಹೀಗೆ ಉಳಿಯುವ ಪಾತ್ರದಲ್ಲಿ ಅಂಥದೇನಿದೆ? ಈ ಪ್ರಶ್ನೆಗೆ ಉತ್ತರವನ್ನು ‘ಮಾಯಾಬಜಾರ್’ ಎಂಬ ಚಿತ್ರದಲ್ಲಿ ಹುಡುಕಬಹುದು.

ಮದರಾಸಿನ ವಿಜಯಾ ಸಂಸ್ಥೆಯು ಈ ಚಿತ್ರವನ್ನು 1957ರಲ್ಲಿ ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ನಿರ್ಮಿಸಿತು. ಇದರ ನಿರ್ದೇಶಕರು ಕೆ. ವಿ. ರೆಡ್ಡಿ, ಛಾಯಾಗ್ರಾಹಕರು ಮಾರ್ಕಸ್ ಬಾರ್ಟ್ಲೆ. ಶ್ರೀಕೃಷ್ಣನಾಗಿ ಎನ್. ಟಿ. ರಾಮರಾವ್, ಬಲರಾಮನ ಮಗಳಾಗಿ ಸಾವಿತ್ರಿ, ಘಟೋತ್ಕಚನಾಗಿ ಎಸ್. ವಿ. ರಂಗರಾವ್ ಅಭಿನಯಿಸಿದರು.

ಇದರ ಕಥೆ ವ್ಯಾಸಭಾರತದಲ್ಲಿ ಇಲ್ಲ. ಜನರ ಕಲ್ಪನೆಯಲ್ಲಿ ಹುಟ್ಟಿ ಬೆಳೆದುದು. ನಮ್ಮ ಯಕ್ಷಗಾನದಲ್ಲಿಯೂ ಇದು ‘ಕನಕಾಂಗಿ ಕಲ್ಯಾಣ’ ಎಂಬ ಪ್ರಸಂಗವಾಗಿ ಪ್ರಸಿದ್ಧವಾಗಿದೆ. ಯಕ್ಷಗಾನದ ಕನಕಾಂಗಿಯೇ ತೆಲುಗು ಚಿತ್ರದಲ್ಲಿ ಶಶಿರೇಖೆ, ತಮಿಳು ಚಿತ್ರದಲ್ಲಿ ವತ್ಸಲೆ. ಆಕೆಯನ್ನು ಅಭಿಮನ್ಯುವಿಗೆ ಕೊಡುವುದೆಂದು ಹಿರಿಯರು ಮಾತನಾಡಿಕೊಂಡಿರುತ್ತಾರೆ. ಪಾಂಡವರು ದ್ಯೂತದಲ್ಲಿ ಸಿರಿಸಂಪತ್ತನ್ನೆಲ್ಲ ಕಳೆದುಕೊಂಡ ಮೇಲೆ ಆ ಮಾತು ಮುರಿದುಬೀಳುತ್ತದೆ. ದುರ್ಯೋಧನನ ಮಗ ಲಕ್ಷ್ಮಣಕುಮಾರನೊಡನೆ ಮದುವೆ ನಿಶ್ಚಯವಾಗುತ್ತದೆ. ಆಗ ಭೀಮನ ಮಗ ಘಟೋತ್ಕಚನು ಕೃಷ್ಣನ ಉಪಾಯದಂತೆ ಶಶಿರೇಖೆಯನ್ನು ರಾತ್ರೋರಾತ್ರಿ ತನ್ನ ಆಶ್ರಮಕ್ಕೆ ಹೊತ್ತೊಯ್ದು, ಅವಳ ರೂಪವನ್ನು ತಾನೇ ಧರಿಸಿ ಮದುವೆಯ ಮನೆಗೆ ಬರುತ್ತಾನೆ.

ಘಟೋತ್ಕಚನ ಪಾತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಹೊರರೂಪ. ಭಾರವಾದ ದೇಹ, ಹುರಿಮೀಸೆ, ಹೆಗಲ ಮೇಲೆ ಗದೆ, ಗುಡುಗಿನಂಥ ನಗೆ. ಈ ಪಾತ್ರವನ್ನು ದೂರದಿಂದಲೇ ಗುರುತಿಸಬಹುದು. ಹೀಗೆ ಒಂದೇ ನೋಟಕ್ಕೆ ಗುರುತು ಸಿಗುವ ಆಕಾರ ಅದ್ಭುತಪಾತ್ರಕ್ಕೆ ಅವಶ್ಯಕ. ಯಕ್ಷಗಾನದಲ್ಲಿ ರಾಕ್ಷಸಪಾತ್ರಗಳಿಗೆ ‘ಬಣ್ಣದ ವೇಷ’ವೆಂಬ ಪ್ರತ್ಯೇಕ ವೇಷವನ್ನೇ ನಮ್ಮ ಹಿರಿಯರು ರೂಪಿಸಿರುವುದು ಈ ಕಾರಣದಿಂದಲೇ. ಆದರೆ ಮೀಸೆ, ಗದೆ, ಅಟ್ಟಹಾಸಗಳು ಎಲ್ಲ ರಾಕ್ಷಸರಿಗೂ ಇವೆ. ಅವೆಲ್ಲ ಇದ್ದೂ ಮರೆತುಹೋದ ಪಾತ್ರಗಳೇ ಹೆಚ್ಚು. ಆದುದರಿಂದ ಹೊರರೂಪವೊಂದೇ ಸಾಲದು.

ರಂಗರಾವ್ ಅವರು ಆ ದೊಡ್ಡ ದೇಹದೊಳಗೆ ಮಗುವಿನ ಮನಸ್ಸನ್ನು ಇರಿಸಿದರು. ಕಾಡಿನಲ್ಲಿ ಎದುರಾದ ಸುಭದ್ರೆಯನ್ನೂ ಅಭಿಮನ್ಯುವನ್ನೂ ಶತ್ರುಗಳೆಂದು ತಿಳಿದು ಘಟೋತ್ಕಚನು ತಡೆಯುತ್ತಾನೆ. ಅವರು ತನ್ನ ಚಿಕ್ಕಮ್ಮ ಮತ್ತು ತಮ್ಮನೆಂದು ತಿಳಿದೊಡನೆ ಅವನ ಕೋಪ ಕರಗಿ ನಾಚಿಕೆಯಾಗುತ್ತದೆ, ನಾಚಿಕೆ ಪ್ರೀತಿಯಾಗುತ್ತದೆ. ತಮ್ಮನಿಗೆ ಆದ ಅನ್ಯಾಯ ತನಗೇ ಆಯಿತೆಂದು ಅವನು ಕುದಿಯುತ್ತಾನೆ. ಮಹಾಭಾರತವನ್ನು ಬಲ್ಲ ಪ್ರೇಕ್ಷಕನಿಗೆ ಇಲ್ಲಿ ಇನ್ನೊಂದು ಭಾವವೂ ಮೂಡದಿರದು. ಕುರುಕ್ಷೇತ್ರದ 13ನೆಯ ದಿನ ಅಭಿಮನ್ಯು ಚಕ್ರವ್ಯೂಹದಲ್ಲಿ ಮಡಿಯುತ್ತಾನೆ. 14ನೆಯ ದಿನದ ಇರುಳುಗಾಳಗದಲ್ಲಿ ಘಟೋತ್ಕಚನು ಕರ್ಣನ ಶಕ್ತ್ಯಾಯುಧಕ್ಕೆ ಬಲಿಯಾಗುತ್ತಾನೆ. ಒಂದು ದಿನದ ಅಂತರದಲ್ಲಿ ಅಳಿಯಲಿರುವ ಅಣ್ಣತಮ್ಮಂದಿರು ಇಲ್ಲಿ ಮದುವೆಯ ಸಡಗರದಲ್ಲಿ ನಗುತ್ತಿದ್ದಾರೆ. ಆ ನಗೆ ನಮಗೆ ಪ್ರಿಯವಾಗಲು ಇದೂ ಒಂದು ಕಾರಣ.

ಚಿತ್ರದಲ್ಲಿ ಮದುವೆಯೂಟದ ದೃಶ್ಯ ಬಹು ಪ್ರಸಿದ್ಧವಾದುದು. ಬೀಗರಿಗಾಗಿ ಸಿದ್ಧವಾದ ಭಕ್ಷ್ಯಗಳನ್ನೆಲ್ಲ ಘಟೋತ್ಕಚನು ಒಬ್ಬನೇ ತಿನ್ನಲು ತೊಡಗುತ್ತಾನೆ. ಅವನ ದೇಹ ಬೆಳೆಯುತ್ತದೆ. ತಿಂಡಿಗಳು ತಾವಾಗಿಯೇ ಅವನ ಬಾಯಿಗೆ ಹಾರುತ್ತವೆ. ಗಣಕಯಂತ್ರದ ನೆರವಿಲ್ಲದ ಕಾಲದಲ್ಲಿ ಇಂಥ ದೃಶ್ಯಗಳನ್ನು ಕ್ಯಾಮರಾದ ಯುಕ್ತಿಗಳಿಂದಲೇ ಸಾಧಿಸಬೇಕಾಗಿತ್ತು. ಒಂದೇ ಫಿಲ್ಮಿನ ಮೇಲೆ ಎರಡು ಬಾರಿ ಚಿತ್ರ ತೆಗೆಯುವುದು, ಕ್ಯಾಮರಾವನ್ನು ನಿಲ್ಲಿಸಿ ವಸ್ತುವನ್ನು ಸರಿಸಿ ಮತ್ತೆ ನಡೆಸುವುದು, ಸಣ್ಣ ಮಾದರಿಗಳನ್ನು ದೊಡ್ಡದಾಗಿ ತೋರಿಸುವುದು - ಇವು ಅಂದಿನ ತಂತ್ರಗಳು. ಇಂದಿನ ಬಾಲಕರೂ ಆ ಯುಕ್ತಿಯನ್ನು ಊಹಿಸಬಲ್ಲರು. ಆದರೂ ಆ ದೃಶ್ಯ ಹಳತಾಗಿಲ್ಲ. ಏಕೆಂದರೆ ನಾವು ನೋಡುವುದು ಹಾರುವ ಲಾಡುಗಳನ್ನಲ್ಲ, ತಿನ್ನುವವನ ಮುಖವನ್ನು. ತಿಂಡಿಯ ರುಚಿ, ಹಸಿವು ಹಿಂಗುವ ಸುಖ, ಕದ್ದು ತಿನ್ನುವ ತುಂಟತನ ಇವೆಲ್ಲ ಆ ಮುಖದಲ್ಲಿ ಒಂದರ ಹಿಂದೊಂದು ಅರಳುತ್ತವೆ. ಹಸಿವನ್ನು ಅರಿಯದವರಾರು? ರಾಕ್ಷಸನ ಬಾಯಿಯ ಗಾತ್ರ ನಮ್ಮದಲ್ಲ. ಆದರೆ ಅವನ ಸಂತೋಷ ನಮ್ಮದೇ.

ಈ ಚಿತ್ರದಲ್ಲಿ ಇದಕ್ಕಿಂತಲೂ ಕಠಿಣವಾದ ಪರೀಕ್ಷೆ ಎದುರಾದುದು ಸಾವಿತ್ರಿಯವರಿಗೆ. ಘಟೋತ್ಕಚನು ಶಶಿರೇಖೆಯ ರೂಪ ಧರಿಸಿದ ಮೇಲೆ ತೆರೆಯ ಮೇಲಿರುವವರು ಅವರೇ. ಮುಖ ಅದೇ, ಸೀರೆ ಅದೇ, ಒಡವೆಗಳೂ ಅವೇ. ಆದರೆ ಒಳಗಿರುವವನು ರಾಕ್ಷಸ! ಇದನ್ನು ತಿಳಿಸುವುದು ಹೇಗೆ? ಇಲ್ಲಿ ಕ್ಯಾಮರಾದ ಕೈಚಳಕಕ್ಕೆ ಹೆಚ್ಚಿನ ಕೆಲಸವಿಲ್ಲ. ಸಾವಿತ್ರಿಯವರು ಹೆಜ್ಜೆಯನ್ನು ಸ್ವಲ್ಪ ಭಾರವಾಗಿ ಇಡುತ್ತಾರೆ. ಹೆಗಲನ್ನು ಸೆಟೆದು ನಿಲ್ಲುತ್ತಾರೆ. ಇಲ್ಲದ ಮೀಸೆಯ ಗರ್ವವನ್ನು ಕಣ್ಣಿನಲ್ಲಿ ತರುತ್ತಾರೆ. ಯಾರಾದರೂ ಬಂದರೆಂದರೆ ಆ ಗರ್ವವೆಲ್ಲ ಮಾಯವಾಗಿ ಮದುಮಗಳ ಲಜ್ಜೆ ಆವರಿಸುತ್ತದೆ. ಒಂದೇ ದೇಹದಲ್ಲಿ ಇಬ್ಬರನ್ನು ನಾವು ನಿಸ್ಸಂದೇಹವಾಗಿ ಕಾಣುತ್ತೇವೆ. ಇಡೀ ಚಿತ್ರದ ಮಾಯೆಗಳಲ್ಲೆಲ್ಲ ಮಿಗಿಲಾದ ಮಾಯೆ ಇದೇ. ಇದು ಯಂತ್ರದಿಂದ ಹುಟ್ಟಿದುದಲ್ಲ, ಅಭಿನಯದಿಂದ ಹುಟ್ಟಿದುದು.

ಇಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ರಂಗರಾವ್ ಆಗಲಿ, ಸಾವಿತ್ರಿಯವರಾಗಲಿ ತಮ್ಮ ಪಾತ್ರವನ್ನು ಹಗುರವಾಗಿ ಕಾಣಲಿಲ್ಲ. ‘ಇದೆಲ್ಲ ಬರಿಯ ಕಟ್ಟುಕಥೆ’ ಎಂದು ನಟನೇ ಒಳಗೊಳಗೆ ನಕ್ಕರೆ ಪ್ರೇಕ್ಷಕನು ಅದನ್ನು ಕೂಡಲೇ ಗುರುತಿಸುತ್ತಾನೆ. ಇದೇ ರಂಗರಾವ್ ಅವರು 1951ರಲ್ಲಿ, ಕೆ. ವಿ. ರೆಡ್ಡಿಯವರದೇ ‘ಪಾತಾಳಭೈರವಿ’ಯಲ್ಲಿ ಕ್ರೂರ ಮಾಂತ್ರಿಕನಾಗಿದ್ದರು. ಅಲ್ಲಿ ಹೆದರಿಸಿದವರು ಇಲ್ಲಿ ನಗಿಸಿದರು. ಎರಡು ಕಡೆಯೂ ನಂಬಿಸಿದರು. ನಟನು ಮೊದಲು ನಂಬಿದರೆ ಮಾತ್ರ ನೋಡುವವನು ನಂಬುತ್ತಾನೆ.

ಇಂದು ಗಣಕಯಂತ್ರದ ನೆರವಿನಿಂದ ಬೆಟ್ಟವನ್ನು ಹಾರಿಸಬಹುದು, ಸಾವಿರ ರಾಕ್ಷಸರನ್ನು ಒಮ್ಮೆಗೇ ಸೃಷ್ಟಿಸಬಹುದು. ‘ಮಾಯಾಬಜಾರ್’ಗೂ 2010ರಲ್ಲಿ ಇದೇ ಯಂತ್ರ ಬಣ್ಣ ತೊಡಿಸಿತು. ಬಣ್ಣ ಹೊಸದು, ಆದರೆ ಅದನ್ನು ನೋಡಲು ಜನರನ್ನು ಕರೆತಂದುದು ಹಳೆಯ ಜೀವವೇ. ಅದ್ಭುತವು ನಮ್ಮನ್ನು ಒಂದು ಗಳಿಗೆ ಬೆರಗುಗೊಳಿಸುತ್ತದೆ. ಅದರೊಳಗೆ ಹಸಿವು, ನಾಚಿಕೆ, ಒಡಹುಟ್ಟಿನ ಪ್ರೀತಿಯಂಥ ನಮಗೆ ಗೊತ್ತಿರುವ ಒಂದು ಸತ್ಯ ಮಿಡಿದಾಗ ಮಾತ್ರ ಆ ಪಾತ್ರ ನಮ್ಮ ಮನೆಯವನಾಗಿ ಉಳಿಯುತ್ತದೆ. ಮುಂದೆ ನೀವು ಯಾವುದೇ ಅದ್ಭುತಚಿತ್ರವನ್ನು ನೋಡುವಾಗ, ಅದು ನಿಮಗೆ ಏನನ್ನು ತೋರಿಸಿತೆಂದು ಮಾತ್ರವಲ್ಲ, ಯಾರ ಪರಿಚಯ ಮಾಡಿಸಿತೆಂದೂ ಕೇಳಿಕೊಳ್ಳಿರಿ.