ಅಳತೆ ಸಿಗದ ಹಡಗನ್ನು ಕಟ್ಟುವುದು ಹೇಗೆ?

ಧಾರವಾಡ ಜಿಲ್ಲೆಗೂ ಸಮುದ್ರಕ್ಕೂ ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಮಳೆಗಾಗಿ ಮುಗಿಲು ನೋಡುವ ನವಲಗುಂದ, ಅಣ್ಣಿಗೇರಿಯ ಎರೆ ಹೊಲಗಳಲ್ಲಿ ಹಡಗಿನ ಮಾತು ಎಲ್ಲಿಂದ ಬರಬೇಕು? ಆದರೂ ಧಾರವಾಡದಿಂದ ಬೆಳಗಾವಿಯ ದಾರಿ ಹಿಡಿದರೆ ಸಿಗುವ ನರೇಂದ್ರ ಗ್ರಾಮದ 12ನೆಯ ಶತಮಾನದ ಶಾಸನವೊಂದರಲ್ಲಿ ಹಡಗುಗಳಿವೆ. ಗೋವೆಯ ಕದಂಬ ಅರಸ ಚಟ್ಟಯ್ಯ ಲಂಕೆಯವರೆಗೂ ಹಡಗುಗಳ ಸಾಲಿನಿಂದಲೇ ಸೇತುವೆ ಕಟ್ಟಿದನೆಂದು ಅದು ಬಣ್ಣಿಸುತ್ತದೆ.

ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇರುವುದು ಸಹಜ. ತೊಡಕು ಇರುವುದು ಬೇರೆಡೆ. ಆ ಹಡಗುಗಳ ಉದ್ದವೆಷ್ಟು, ಅಗಲವೆಷ್ಟು, ಹಲಗೆಗಳನ್ನು ಹೇಗೆ ಕೂಡಿಸಿದ್ದರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಇತಿಹಾಸಕ್ಕೆ ನಿಷ್ಠವಾದ ಹಾಯಿಹಡಗಿನ ಮರದ ಮಾದರಿಯನ್ನು ಮಾಡಹೊರಟವನಿಗೆ ಮೊದಲು ಎದುರಾಗುವ ಪ್ರಶ್ನೆಯೂ ಇದೇ.

ನಕ್ಷೆ ಇದ್ದವರ ಅನುಕೂಲ

ಯುರೋಪಿನ ಹಡಗುಗಳ ಮಾದರಿ ಮಾಡುವವರಿಗೆ ಈ ಚಿಂತೆ ಕಡಿಮೆ. ಬ್ರಿಟಿಷ್ ನೌಕಾಪಡೆಯ 18ನೆಯ ಶತಮಾನದ ಅನೇಕ ನಕ್ಷೆಗಳು ಉಳಿದಿವೆ. ಕೆಲವು ಹಡಗುಗಳೇ ಉಳಿದಿವೆ. ಮುಂಬಯಿಯಲ್ಲಿ ವಾಡಿಯಾ ಮನೆತನದವರು ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲಿ’ಯನ್ನು ಇಂಗ್ಲೆಂಡಿನ ಹಾರ್ಟ್‌ಲಿಪೂಲ್‌ನಲ್ಲಿ ಇಂದಿಗೂ ನೋಡಬಹುದು.

ನಕ್ಷೆ ಕೈಯಲ್ಲಿದ್ದರೆ ಉಳಿದದ್ದು ಲೆಕ್ಕ. ಇಂಥ ಮಾದರಿಗಳಲ್ಲಿ 48ಕ್ಕೆ 1ರ ಪ್ರಮಾಣ ಬಳಕೆಯಲ್ಲಿದೆ. 20 ಮೀಟರ್ ಉದ್ದದ ಹಡಗು ಆಗ ಸುಮಾರು 42 ಸೆಂಟಿಮೀಟರ್ ಆಗುತ್ತದೆ. 12 ಮಿಲಿಮೀಟರ್ ದಪ್ಪದ ಹಗ್ಗ ಕಾಲು ಮಿಲಿಮೀಟರಿನ ದಾರವಾಗುತ್ತದೆ. ಹಲಗೆ, ಗಂಟು, ರಾಟೆ ಎಲ್ಲವೂ ಇದೇ ಲೆಕ್ಕದಲ್ಲಿ ಕುಗ್ಗಬೇಕು. ಒಂದು ತಪ್ಪಿದರೂ ಅದು ಆಟಿಕೆಯಾಗುತ್ತದೆ, ಮಾದರಿಯಾಗುವುದಿಲ್ಲ.

ಚಿತ್ರದಿಂದ ಹಡಗಿಗೆ

ನಮ್ಮ ಪ್ರಾಚೀನ ಹಡಗುಗಳಿಗೆ ಇಂಥ ನಕ್ಷೆಗಳಿಲ್ಲ. ಇರುವುದು ಶಾಸನದ ಮಾತು, ವೀರಗಲ್ಲಿನ ಕೆತ್ತನೆ, ಗೋಡೆಯ ಚಿತ್ರ. ಇಷ್ಟನ್ನೇ ನಂಬಿ ಪೂರ್ಣಪ್ರಮಾಣದ ಹಡಗೊಂದನ್ನು ಕಟ್ಟಿದ ಸಾಹಸ ಈಚೆಗೆ ನಡೆಯಿತು. ಅಜಂತಾದ 5ನೆಯ ಶತಮಾನದ ಚಿತ್ರವೇ ಅದಕ್ಕೆ ಆಧಾರ. ಕೇಂದ್ರ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಹಾಗೂ ಗೋವಾದ ಹೋಡಿ ಇನ್ನೋವೇಶನ್ಸ್ ಸಂಸ್ಥೆ 2023ರ ಜುಲೈನಲ್ಲಿ ಒಪ್ಪಂದ ಮಾಡಿಕೊಂಡವು. ಸುಮಾರು 20 ಮೀಟರ್ ಉದ್ದದ ಆ ಹಡಗನ್ನು 2025ರ ಮೇ 21ರಂದು ನಮ್ಮ ಕಾರವಾರದಲ್ಲಿಯೇ ‘ಕೌಂಡಿನ್ಯ’ ಎಂಬ ಹೆಸರಿನಿಂದ ನೌಕಾಪಡೆಗೆ ಸೇರಿಸಲಾಯಿತು. ಅದರ ಹಾಯಿಯ ಮೇಲೆ ಕನ್ನಡಿಗರಿಗೆ ಪರಿಚಿತವಾದ ಗಂಡಭೇರುಂಡವಿದೆ.

ಇಲ್ಲಿ ಚಿಕ್ಕ ಮಾದರಿಗೂ ದೊಡ್ಡ ಕೆಲಸವಿತ್ತು. ಚಿತ್ರಕಾರ ಬರೆದದ್ದು ಕಣ್ಣಿಗೆ ಕಂಡ ಹೊರರೂಪ ಮಾತ್ರ. ನೀರಿನಡಿಯ ಭಾಗ ಹೇಗಿತ್ತೆಂಬುದು ಚಿತ್ರದಲ್ಲಿಲ್ಲ. ಆದ್ದರಿಂದ ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದ ನೆರವಿನಿಂದ ಮಾದರಿಯನ್ನು ಪರೀಕ್ಷಿಸಿ, ಹಡಗು ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಲಾಯಿತು.

ಮೊಳೆಯಿಲ್ಲ, ಹೊಲಿಗೆ

ಚಿತ್ರವೂ ಪರೀಕ್ಷೆಯೂ ಹೇಳದ ಸಂಗತಿಯನ್ನು ಹೇಳಿದ್ದು ಕುಶಲಕರ್ಮಿಗಳ ಕೈ. ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕೇರಳದ ಕೆಲಸಗಾರರು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದರು. ಸಂದುಗಳಿಗೆ ನಾರು, ಮರದ ರಾಳ ತುಂಬಿದರು. ಕಬ್ಬಿಣದ ಮೊಳೆಯಂತೆ ಹೊಲಿಗೆ ಬಿಗಿದು ನಿಲ್ಲುವುದಿಲ್ಲ. ಅಲೆ ಬಡಿದಾಗ ಹಡಗು ತುಸು ಬಾಗಿ ಹೊಡೆತವನ್ನು ತಾಳಿಕೊಳ್ಳುತ್ತದೆ.

ಮಾದರಿ ಮಾಡುವವರು ಎಡವುವುದೂ ಇಲ್ಲಿಯೇ. ಯುರೋಪಿನ ಪದ್ಧತಿಯಲ್ಲಿ ಮೊದಲು ಪಕ್ಕೆಲುಬಿನಂಥ ಚೌಕಟ್ಟು, ಆಮೇಲೆ ಹಲಗೆ. ಹೊಲಿಗೆಯ ಸಂಪ್ರದಾಯದಲ್ಲಿ ಮೊದಲು ಹಲಗೆಗಳ ಒಡಲು, ಆಮೇಲೆ ಅದರೊಳಗೆ ಪಕ್ಕೆಲುಬು. ಹೊರನೋಟ ಒಂದೇ ಆದರೂ ಕಟ್ಟಿದ ಕ್ರಮ ತಪ್ಪಿದರೆ ಇತಿಹಾಸ ತಪ್ಪಿದಂತೆ. ಈ ಕ್ರಮ ಉಳಿದಿರುವುದು ಪುಸ್ತಕಗಳಿಗಿಂತ ಹೆಚ್ಚಾಗಿ ಬೆರಳೆಣಿಕೆಯ ಕುಶಲಕರ್ಮಿಗಳಲ್ಲಿ. ಅವರ ನಂತರ ಕಲಿಯುವವರಿಲ್ಲದಿದ್ದರೆ ಅಜಂತಾದ ಚಿತ್ರ ಬರಿಯ ಚಿತ್ರವಾಗಿ ಉಳಿದೀತು.

‘ಕೌಂಡಿನ್ಯ’ 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಮಸ್ಕತ್ ತಲುಪಿತು. ಹೊಲಿದ ಹಡಗು ಸಮುದ್ರ ದಾಟಬಲ್ಲದೆಂದು ಅದು ತೋರಿಸಿತು. ಆದರೆ 5ನೆಯ ಶತಮಾನದ ಹಡಗು ಎಲ್ಲ ವಿವರಗಳಲ್ಲೂ ಹೀಗೆಯೇ ಇತ್ತೆಂದು ಅದರಿಂದ ಸಿದ್ಧವಾಗುವುದಿಲ್ಲ. ಇದು ಚಿತ್ರಕ್ಕೆ, ಕಸುಬಿಗೆ, ಲೆಕ್ಕಕ್ಕೆ ಒಪ್ಪುವ ಒಂದು ಉತ್ತರ ಅಷ್ಟೇ.

ಕಲಘಟಗಿಯ ಬಣ್ಣದ ತೊಟ್ಟಿಲು ಈ ಭಾಗದವರಿಗೆಲ್ಲ ಗೊತ್ತು. ಅದರ ಅಳತೆಯೂ ನಕ್ಷೆಗಿಂತ ಹೆಚ್ಚಾಗಿ ಮಾಡುವವರ ಕೈಯಲ್ಲಿದೆ. ಮರಗೆಲಸದ ಇಂಥ ನೆಲದಲ್ಲಿ ನಾಳೆ ಯಾರಾದರೂ ಕದಂಬರ ಹಡಗಿನ ಮಾದರಿ ಮಾಡಿದರೆ, ತೊಟ್ಟಿಲಲ್ಲಿ ಮಲಗಿಸುವಷ್ಟು ಚಿಕ್ಕದಾದರೂ ಸರಿಯೆ, ಅದರ ಕೆಳಗೊಂದು ಚೀಟಿ ಇರಲಿ: ಇದು ಶಾಸನ ಹೇಳಿದ್ದು, ಇದು ವೀರಗಲ್ಲು ತೋರಿಸಿದ್ದು, ಇದು ನಮ್ಮ ಊಹೆ. ಮೂರನ್ನೂ ಬೇರೆ ಬೇರೆಯಾಗಿ ಹೇಳಬಲ್ಲ ಮಾದರಿಯೇ ಇತಿಹಾಸಕ್ಕೆ ನಿಷ್ಠವಾದ ಮಾದರಿ.